ಇಪ್ಪತ್ತೈದು ಅಕ್ಷರಗಳ ಕೀಲಿಕೈ

2018ರ ಮಳೆಗಾಲದಲ್ಲಿ ನಮ್ಮ ಪ್ರೌಢಶಾಲೆಗೆ ಆರು ಹಳೆಯ ಕಂಪ್ಯೂಟರುಗಳು ಬಂದವು. ಪಟ್ಟಣದ ಕಚೇರಿಯೊಂದರವರು ತಮಗೆ ಹೊಸ ಯಂತ್ರಗಳನ್ನು ಕೊಂಡುಕೊಂಡು, ಹಳೆಯವನ್ನು ಶಾಲೆಗೆ ದಾನವಾಗಿ ಕೊಟ್ಟಿದ್ದರು. ತಾಡಪಾಲು ಹೊದಿಸಿದ ಟೆಂಪೋದಿಂದ ಅವುಗಳನ್ನು ಇಳಿಸಿಕೊಳ್ಳುವಾಗ ಮಕ್ಕಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಂತ್ರಗಳು ಹಳೆಯವಾಗಿದ್ದರೂ ಕೆಟ್ಟಿರಲಿಲ್ಲ, ನಿಧಾನವಾಗಿದ್ದವು, ಅಷ್ಟೆ. ಗುಂಡಿಯನ್ನು ಒತ್ತಿದ ಮೇಲೆ ಪರದೆಯಲ್ಲಿ ಚಿತ್ರ ಮೂಡುವಷ್ಟರಲ್ಲಿ ಕಂಠಪಾಠದ ಪದ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ ಮುಗಿಸಬಹುದಾಗಿತ್ತು. ವರ್ಷಗಟ್ಟಲೆ ತುಂಬಿಕೊಂಡ ಬೇಡದ ಕಡತಗಳು, ಅರೆಬರೆ ತೆಗೆದುಹಾಕಿದ ತಂತ್ರಾಂಶಗಳ ಅವಶೇಷಗಳು, ಎಲ್ಲಿಂದಲೋ ಅಂಟಿಕೊಂಡ ವೈರಸ್ಸುಗಳು ಎಲ್ಲವೂ ಸೇರಿ ಅವನ್ನು ಆ ಸ್ಥಿತಿಗೆ ತಂದಿದ್ದವು. ಇದಕ್ಕೆ ಬಲ್ಲವರು ಹೇಳುವ ಮದ್ದು ಒಂದೇ: ಒಳಗಿನದನ್ನೆಲ್ಲ ಅಳಿಸಿ, ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು.

ಕಾರ್ಯಾಚರಣ ವ್ಯವಸ್ಥೆ ಎಂದರೇನೆಂಬುದನ್ನು ನೀವು ಬಲ್ಲಿರಿ. ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಭಾಗಗಳೆಲ್ಲ ಯಂತ್ರಾಂಶ. ಅವುಗಳಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಅಪ್ಪಣೆ ಕೊಡುವ ಬರಹರೂಪದ ಆದೇಶಗಳೆಲ್ಲ ತಂತ್ರಾಂಶ. ಈ ತಂತ್ರಾಂಶಗಳ ಪೈಕಿ ಮನೆಯ ಯಜಮಾನನ ಸ್ಥಾನದಲ್ಲಿರುವುದೇ ಕಾರ್ಯಾಚರಣ ವ್ಯವಸ್ಥೆ. ನಮಗೆ ಬಂದ ಯಂತ್ರಗಳಲ್ಲಿ ಇದ್ದದ್ದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 7. ಅದರ ಸ್ಥಾಪನಾ ಡಿವಿಡಿಯೊಂದು ನನ್ನಲ್ಲಿತ್ತು. ಮಕ್ಕಳ ಮುಂದೆ ನನ್ನ ಜಾಣ್ಮೆಯನ್ನು ತೋರಿಸುವ ಉತ್ಸಾಹವೂ ಇತ್ತು. ಮಾಡಬಾರದ ಅವಸರವನ್ನು ಮಾಡಿ, ಆರು ಯಂತ್ರಗಳ ಡಿಸ್ಕುಗಳನ್ನೂ ಒಂದೇ ದಿನ ಅಳಿಸಿ ಹಾಕಿದೆ. ಸ್ಥಾಪನೆ ಸುಗಮವಾಗಿಯೇ ಸಾಗಿತು. ಕೊನೆಯಲ್ಲಿ ಪರದೆಯ ಮೇಲೆ ಒಂದು ಉದ್ದನೆಯ ಖಾಲಿ ಪಟ್ಟಿ ಕಾಣಿಸಿಕೊಂಡಿತು. ಇಪ್ಪತ್ತೈದು ಅಕ್ಷರಗಳ ಉತ್ಪನ್ನ ಕೀಲಿಯನ್ನು ಇಲ್ಲಿ ಬರೆಯಿರಿ ಎಂಬುದು ಅದರ ಕೋರಿಕೆ. ಬರೆಯದೆ ಮುಂದುವರಿಯಲು ಅವಕಾಶವಿತ್ತು; ಆದರೆ ಅದು ಮೂವತ್ತು ದಿನಗಳ ಮಟ್ಟಿಗೆ ಮಾತ್ರ. ಆಮೇಲೆ ಪರದೆಯ ಹಿನ್ನೆಲೆ ಕಪ್ಪಾಗಿ, ನಿಮ್ಮ ಪ್ರತಿ ಅಸಲಿಯಲ್ಲ ಎಂಬ ಮಾತು ಮತ್ತೆ ಮತ್ತೆ ತಲೆಯೆತ್ತುತ್ತದೆ.

ಆ ಕೀಲಿ ಇರುವುದು ಎಲ್ಲಿ? ಯಂತ್ರದ ಪೆಟ್ಟಿಗೆಯ ಪಕ್ಕದಲ್ಲಿ ತಯಾರಕರು ಒಂದು ಪುಟ್ಟ ಚೀಟಿಯನ್ನು ಅಂಟಿಸಿರುತ್ತಾರೆ. ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರಗಳಲ್ಲಿ, ಐದೈದರ ಐದು ಗುಂಪುಗಳಾಗಿ ಕೀಲಿಯನ್ನು ಅದರ ಮೇಲೆ ಮುದ್ರಿಸಿರುತ್ತಾರೆ. ನಮ್ಮ ಆರು ಯಂತ್ರಗಳಲ್ಲಿ ಎರಡರ ಚೀಟಿಗಳು ಸ್ಪಷ್ಟವಾಗಿದ್ದವು. ಮೂರನೆಯದರಲ್ಲಿ ಎರಡು ಅಕ್ಷರಗಳು ಅಳಿಸಿಹೋಗಿದ್ದವು. ನಾಲ್ಕನೆಯದನ್ನು ಕಚೇರಿಯ ಜವಾನ ವರ್ಷಗಳ ಕಾಲ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಸ್ವಚ್ಛವಾಗಿಟ್ಟಿದ್ದನೆಂದು ತೋರುತ್ತದೆ. ಏಳು ಅಕ್ಷರಗಳ ಜಾಗದಲ್ಲಿ ಬರಿಯ ಬಿಳುಪು ಉಳಿದಿತ್ತು. ಉಳಿದ ಎರಡು ಯಂತ್ರಗಳು ಅಂಗಡಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾಡಿದವು. ಅವುಗಳ ಮೇಲೆ ಚೀಟಿಯೇ ಇರಲಿಲ್ಲ.

ಡಿಸ್ಕನ್ನು ಅಳಿಸುವ ಮೊದಲು ಯಂತ್ರದೊಳಗೆ ಉಳಿದಿದ್ದ ಕೀಲಿಯನ್ನು ಓದಿ ಬರೆದಿಟ್ಟುಕೊಳ್ಳಲು ಸಾಧ್ಯವಿತ್ತು. ಅದಕ್ಕೆಂದೇ ಸಣ್ಣ ಉಪಕರಣ ತಂತ್ರಾಂಶಗಳಿವೆ. ನಾನು ಹಾಗೆ ಮಾಡಿರಲಿಲ್ಲ. ಮನೆಗೆ ಬೀಗ ಹಾಕಿದ ಮೇಲೆ ಕೀಲಿಕೈ ಒಳಗೇ ಉಳಿಯಿತೆಂದು ನೆನಪಾದವನ ಅವಸ್ಥೆ ನನ್ನದಾಯಿತು.

ಈ ಕೀಲಿಯ ಗೋಜಾದರೂ ಏಕೆ ಬಂತು ಎಂಬ ಪ್ರಶ್ನೆಯನ್ನು ಮಕ್ಕಳು ಅಂದೇ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಕಂಪ್ಯೂಟರಿನ ಆರಂಭದ ದಿನಗಳಲ್ಲಿ ತಂತ್ರಾಂಶವನ್ನು ಯಾರೂ ಬೇರೆಯಾಗಿ ಮಾರುತ್ತಿರಲಿಲ್ಲವೆಂದೇ ಹೇಳಬೇಕು. ಕೋಣೆಯಷ್ಟು ದೊಡ್ಡದಾದ ಯಂತ್ರವನ್ನು ಕೊಂಡವರಿಗೂ ಬಾಡಿಗೆಗೆ ಪಡೆದವರಿಗೂ ಅದನ್ನು ನಡೆಸುವ ಕ್ರಮವಿಧಿಗಳು ಜೊತೆಯಲ್ಲಿಯೇ ದೊರೆಯುತ್ತಿದ್ದವು. 1969ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಯಂತ್ರದ ಬೆಲೆಯನ್ನೂ ತಂತ್ರಾಂಶದ ಬೆಲೆಯನ್ನೂ ಬೇರ್ಪಡಿಸುವುದಾಗಿ ಸಾರಿತು. ಅಂದಿನಿಂದ ತಂತ್ರಾಂಶವು ಮಾರಾಟದ ಸರಕಾಗುವ ಹಾದಿ ತೆರೆಯಿತು. ಅನಂತರ ಮನೆಯಲ್ಲಿಟ್ಟುಕೊಳ್ಳಬಹುದಾದ ಚಿಕ್ಕ ಕಂಪ್ಯೂಟರುಗಳು ಬಂದವು. ಆಲ್ಟೇರ್ ಎಂಬ ಅಂತಹ ಯಂತ್ರಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಎಂಬ ತರುಣರು ಬೇಸಿಕ್ ಭಾಷೆಯ ತಂತ್ರಾಂಶವೊಂದನ್ನು ಸಿದ್ಧಪಡಿಸಿ, ತೂತು ಕೊರೆದ ಕಾಗದದ ಪಟ್ಟಿಯ ರೂಪದಲ್ಲಿ ಅದನ್ನು ಮಾರಾಟಕ್ಕೆ ತಂದರು. ಆ ಪಟ್ಟಿಯನ್ನು ಹವ್ಯಾಸಿಗಳು ನಕಲು ಮಾಡಿ ಪರಸ್ಪರ ಹಂಚಿಕೊಂಡರು. ಇದರಿಂದ ಕುಪಿತರಾದ ಗೇಟ್ಸ್ 1976ರ ಫೆಬ್ರುವರಿಯಲ್ಲಿ ಹವ್ಯಾಸಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದರು. ಯಂತ್ರವನ್ನು ಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿಯೂ ತಮ್ಮ ತಂತ್ರಾಂಶಕ್ಕೆ ಹಣ ಕೊಟ್ಟಿಲ್ಲವೆಂಬುದು ಅವರ ದೂರು.

ಇಲ್ಲಿ ಒಂದು ಸೂಕ್ಷ್ಮವುಂಟು. ಒಬ್ಬನ ಹಸುವನ್ನು ಇನ್ನೊಬ್ಬನು ಹೊಡೆದುಕೊಂಡು ಹೋದರೆ ಮೊದಲಿನವನ ಕೊಟ್ಟಿಗೆ ಬರಿದಾಗುತ್ತದೆ. ತಂತ್ರಾಂಶದ ನಕಲು ಹಾಗಲ್ಲ. ಅದು ದೀಪದಿಂದ ದೀಪ ಹಚ್ಚಿದಂತೆ. ಮೊದಲನೆಯ ದೀಪದ ಬೆಳಕೇನೂ ಕಡಮೆಯಾಗುವುದಿಲ್ಲ. ಆದುದರಿಂದಲೇ ಹಂಚಿಕೊಂಡವರಿಗೆ ಅದು ಕಳ್ಳತನವೆಂದು ತೋರಲಿಲ್ಲ. ಆದರೆ ಆ ಮೊದಲನೆಯ ದೀಪಕ್ಕೆ ಎಣ್ಣೆ ಬತ್ತಿಗಳನ್ನು ಒದಗಿಸಿದವನು ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿದಿರುತ್ತಾನೆ. ಅವನ ಊಟ ಬಟ್ಟೆಗಳಿಗೆ ದಾರಿ ಯಾವುದು? ಎರಡು ಮಾತುಗಳಲ್ಲಿಯೂ ಹುರುಳಿದೆಯೆಂದೇ ನನಗೆ ತೋರುತ್ತದೆ. ಈ ಜಗ್ಗಾಟವು ಇಂದಿಗೂ ತೀರಿಲ್ಲ. ನಮ್ಮ ಶಾಲೆಯ ಪರದೆಯ ಮೇಲಿನ ಖಾಲಿ ಪಟ್ಟಿಯು ಅದರ ಒಂದು ಕುರುಹು.

ನಕಲನ್ನು ತಡೆಯಲು ತಯಾರಕರು ಅನೇಕ ಉಪಾಯಗಳನ್ನು ಹೂಡಿದರು. ಕೆಲವರು ಫ್ಲಾಪಿ ಡಿಸ್ಕುಗಳನ್ನೇ ನಕಲಿಗೆ ಒಗ್ಗದಂತೆ ರಚಿಸಿದರು. ಕೆಲವರು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಬೇಕಾದ ಬೆರಳುದ್ದದ ಸಾಧನವೊಂದನ್ನು ತಂತ್ರಾಂಶದ ಜೊತೆಗೆ ಕೊಟ್ಟರು. ಅದನ್ನು ಕಿತ್ತರೆ ತಂತ್ರಾಂಶ ಓಡುತ್ತಿರಲಿಲ್ಲ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೇಳಿದರೆ ಈ ಬೀಗದ ಕಥೆಗಳನ್ನು ಅವರು ಹೇಳಿಯಾರು. ಕೊನೆಗೆ ಎಲ್ಲಕ್ಕಿಂತ ಅಗ್ಗವಾದ ಉಪಾಯವೊಂದು ನೆಲೆ ನಿಂತಿತು: ಕಾಗದದ ಮೇಲೆ ಮುದ್ರಿಸಿದ ಸಂಖ್ಯೆ.

1995ರಲ್ಲಿ ಬಂದ ವಿಂಡೋಸ್ 95ರ ಕೀಲಿಯನ್ನು ನೋಡಿ. ಅಂಗಡಿಯಲ್ಲಿ ಮಾರುವ ಪ್ರತಿಗೆ ಮೂರು ಅಂಕೆ, ಬಳಿಕ ಒಂದು ಅಡ್ಡಗೆರೆ, ಬಳಿಕ ಏಳು ಅಂಕೆ, ಹೀಗೆ ಹತ್ತು ಅಂಕೆಗಳ ಕೀಲಿಯಿತ್ತು. ಅದನ್ನು ಯಂತ್ರ ಪರೀಕ್ಷಿಸುತ್ತಿದ್ದ ಬಗೆಯನ್ನು ಕೇಳಿದರೆ ನಿಮಗೆ ನಗು ಬಂದೀತು. ಕಡೆಯ ಏಳು ಅಂಕೆಗಳನ್ನು ಕೂಡುವುದು. ಮೊತ್ತವು 7ರಿಂದ ಶೇಷವಿಲ್ಲದೆ ಭಾಗವಾದರೆ ಕೀಲಿ ಸರಿ! ಮೊದಲ ಮೂರು ಅಂಕೆಗಳ ಮೇಲೆ ಒಂದೆರಡು ಸಣ್ಣ ನಿರ್ಬಂಧಗಳಿದ್ದುವು, ಅಷ್ಟೆ. ಏಳು ಒಂದುಗಳನ್ನು ಸಾಲಾಗಿ ಬರೆದರೂ ಮೊತ್ತ 7, ಪರೀಕ್ಷೆಯಲ್ಲಿ ತೇರ್ಗಡೆ. ಮನಸ್ಸಿಗೆ ಬಂದ ಅಂಕೆಗಳನ್ನು ಬರೆದರೂ ಸುಮಾರು ಏಳು ಪ್ರಯತ್ನಗಳಲ್ಲಿ ಒಂದು ಫಲಿಸಬೇಕು. ಪುಸ್ತಕಗಳ ಹಿಂಬದಿಯಲ್ಲಿ ಅಚ್ಚಾಗುವ ಹದಿಮೂರು ಅಂಕೆಗಳ ಸಂಖ್ಯೆಯಲ್ಲಿಯೂ ಕೊನೆಯದು ಇಂತಹುದೇ ಒಂದು ತಾಳೆ ನೋಡುವ ಅಂಕೆ. ಬರೆಯುವಾಗ ಆಗುವ ಕೈತಪ್ಪನ್ನು ಹಿಡಿಯಲು ಈ ಉಪಾಯ ಸಾಕು. ಬೇಕೆಂದೇ ಮೋಸ ಮಾಡುವವನ ಎದುರಿಗೆ ಅದು ನಿಲ್ಲಲಾರದು.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಇಪ್ಪತ್ತೈದು ಅಕ್ಷರಗಳ ಕೀಲಿ ಬೇರೆಯೇ ಜಾತಿಯದು. ಅದನ್ನು ಅರಿಯಬೇಕಾದರೆ ಮೊದಲು ಒಂದು ಲೆಕ್ಕವನ್ನು ಮಾಡಿರಿ. 83 ಮತ್ತು 97ನ್ನು ಗುಣಿಸಿದರೆ ಎಷ್ಟು? ಅರ್ಧ ನಿಮಿಷದಲ್ಲಿ 8,051 ಎಂದು ಹೇಳುವಿರಿ. ಇನ್ನು ಬರಿಯ 8,051ನ್ನು ನಿಮ್ಮ ಗೆಳೆಯನ ಕೈಗೆ ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿರಿ. ಆತನು ಬಹಳ ಹೊತ್ತು ತಿಣುಕಬೇಕಾಗುತ್ತದೆ. ಒಂದು ದಿಕ್ಕಿನಲ್ಲಿ ಸುಲಭವಾಗಿಯೂ ಮರುದಿಕ್ಕಿನಲ್ಲಿ ದುಸ್ಸಾಧ್ಯವಾಗಿಯೂ ಇರುವ ಇಂತಹ ಲೆಕ್ಕಗಳು ಗಣಿತದಲ್ಲಿ ಹಲವು ಇವೆ. ಅವುಗಳ ಬಲದಿಂದ, ಎಲ್ಲರೂ ಪರೀಕ್ಷಿಸಬಲ್ಲ, ಆದರೆ ಗುಟ್ಟು ತಿಳಿದವನೊಬ್ಬನೇ ಹಾಕಬಲ್ಲ ರುಜುವನ್ನು ರಚಿಸಬಹುದೆಂದು ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರತಿಪಾದಿಸಿದರು. ಅವರ ಲೇಖನ ಪ್ರಕಟವಾದುದೂ 1976ರಲ್ಲಿಯೇ. ಒಂದೇ ವರ್ಷದಲ್ಲಿ ರೋಗದ ದೂರೂ ಮದ್ದಿನ ಬೇರೂ ಕಾಣಿಸಿಕೊಂಡವು. ಆದರೆ ಎರಡೂ ಕೂಡಿಬರಲು ಕಾಲು ಶತಮಾನ ಬೇಕಾಯಿತು.

ಎಕ್ಸ್‌ಪಿಯ ಕೀಲಿಯೊಳಗೆ ಒಂದು ಕ್ರಮಸಂಖ್ಯೆಯೂ ಆ ಕ್ರಮಸಂಖ್ಯೆಗೆ ತಯಾರಕರು ಹಾಕಿದ ಗಣಿತದ ರುಜುವೂ ಹುದುಗಿವೆ. ರುಜುವಿಗೆ ಬಳಸಿದ ಗಣಿತವು ನಮ್ಮ ಗುಣಾಕಾರಕ್ಕಿಂತ ಬಹಳ ಗಹನವಾದುದು. ತತ್ತ್ವ ಮಾತ್ರ ಅದೇ. ಸ್ಥಾಪನಾ ತಟ್ಟೆಯಲ್ಲಿರುವ ತಂತ್ರಾಂಶವು ರುಜುವನ್ನು ಪರೀಕ್ಷಿಸಬಲ್ಲುದೇ ಹೊರತು ಹೊಸ ರುಜುವನ್ನು ಹಾಕಲಾರದು. ಆದುದರಿಂದ ತಟ್ಟೆಯನ್ನು ಎಷ್ಟು ಜಾಲಾಡಿದರೂ ಹೊಸ ಕೀಲಿಗಳನ್ನು ಮಾಡುವ ಗುಟ್ಟು ಅಲ್ಲಿ ದೊರೆಯದು.

ಆ ಅಕ್ಷರಗಳ ಆಯ್ಕೆಯಲ್ಲಿಯೂ ಒಂದು ಚೆಲುವಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಂದ ಎ, ಇ, ಐ, ಓ, ಯು ಎಂಬ ಐದು ಸ್ವರಗಳನ್ನು ಬಿಟ್ಟಿದ್ದಾರೆ. ಸ್ವರಗಳಿಲ್ಲದಿದ್ದರೆ ಅಕಸ್ಮಾತ್ತಾಗಿಯೂ ಕೀಲಿಯ ನಡುವೆ ಅಸಭ್ಯವಾದ ಪದವೊಂದು ಮೂಡಲಾರದಷ್ಟೆ! ವ್ಯಂಜನಗಳಲ್ಲಿ ಎಲ್, ಎನ್, ಎಸ್, ಜಡ್ ಎಂಬ ನಾಲ್ಕನ್ನು ಬಿಟ್ಟರು. ಅಂಕೆಗಳಲ್ಲಿ 0, 1, 5ನ್ನು ಕೈಬಿಟ್ಟರು. ಸೊನ್ನೆಯನ್ನು ಓ ಎಂದೂ, ಒಂದನ್ನು ಐ ಎಂದೂ, ಐದನ್ನು ಎಸ್ ಎಂದೂ ತಪ್ಪಾಗಿ ಓದುವ ಭಯ ಹೀಗೆ ತಪ್ಪಿತು. ಉಳಿದವು ಹದಿನೇಳು ಅಕ್ಷರಗಳು ಮತ್ತು ಏಳು ಅಂಕೆಗಳು, ಒಟ್ಟು ಇಪ್ಪತ್ತನಾಲ್ಕು ಚಿಹ್ನೆಗಳು. ಇಪ್ಪತ್ತೈದು ಸ್ಥಾನಗಳಲ್ಲಿ ಒಂದೊಂದರಲ್ಲಿಯೂ ಇಪ್ಪತ್ತನಾಲ್ಕರಲ್ಲಿ ಯಾವುದಾದರೊಂದು ಬರಬಹುದಾದರೆ ಆಗುವ ಒಟ್ಟು ಸಾಲುಗಳು ಸುಮಾರು 32ರ ಮುಂದೆ 33 ಸೊನ್ನೆಗಳಷ್ಟು. ವಿಂಡೋಸ್ 7ರ ಕೀಲಿಗಳೂ ಇವೇ ಇಪ್ಪತ್ತನಾಲ್ಕು ಚಿಹ್ನೆಗಳಿಂದ ಕಟ್ಟಿದವು. (ಮುಂದೆ ವಿಂಡೋಸ್ 8ರಿಂದ ಎನ್ ಅಕ್ಷರಕ್ಕೂ ಸ್ಥಾನ ದೊರೆಯಿತು.)

ಈ ಲೆಕ್ಕವು ನಮ್ಮ ಮೂರನೆಯ ಯಂತ್ರದ ನೆರವಿಗೆ ಬಂತು. ಅದರಲ್ಲಿ ಅಳಿಸಿಹೋದದ್ದು ಎರಡೇ ಅಕ್ಷರ. 24ನ್ನು 24ರಿಂದ ಗುಣಿಸಿದರೆ 576. ಒಂದೊಂದನ್ನು ಬರೆದು ನೋಡಲು ಹತ್ತು ಸೆಕೆಂಡು ಹಿಡಿದರೂ ಒಂದೂವರೆ ಗಂಟೆಯ ಮೇಲೆ ಆರು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಬಹುದು. ಹೀಗೆಂದು ನಾನು ಹೇಳುತ್ತಿರುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಭೂತಗನ್ನಡಿಯನ್ನು ಹಿಡಿದು ಚೀಟಿಯನ್ನೇ ನೋಡುತ್ತಿದ್ದಳು.

“ಸರ್, ಮೊದಲನೆಯ ಅಕ್ಷರಕ್ಕೆ ಎಡಗಡೆ ಒಂದು ನೆಟ್ಟಗಿನ ಗೆರೆ ಉಳಿದಿದೆ” ಎಂದಳು.

“ಇದ್ದರೇನಾಯಿತಮ್ಮ?”

“ಎಡಗಡೆ ನೆಟ್ಟಗಿನ ಗೆರೆಯಿರುವ ಅಕ್ಷರಗಳು ಎಂಟೇ ಇವೆ, ಸರ್. ಉಳಿದವುಗಳನ್ನು ನೋಡುವುದೇ ಬೇಡ.”

ಲೆಕ್ಕ ಹಾಕಿದೆವು. ಬಿ, ಡಿ, ಎಫ್, ಎಚ್, ಕೆ, ಎಂ, ಪಿ, ಆರ್. ನಿಜ, ಎಂಟೇ. 576 ಪ್ರಯತ್ನಗಳು 192ಕ್ಕೆ ಇಳಿದವು. ಒಬ್ಬರು ಓದುವುದು, ಒಬ್ಬರು ಒತ್ತುವುದು, ಒಬ್ಬರು ಹಲಗೆಯ ಮೇಲೆ ಗುರುತು ಹಾಕುವುದು, ಹೀಗೆ ಕೆಲಸವನ್ನು ಹಂಚಿಕೊಂಡೆವು. ಎಫ್‌ನ ಸರದಿ ನಡೆಯುತ್ತಿರುವಾಗ ಪರದೆಯು ಕೀಲಿಯನ್ನು ಒಪ್ಪಿಕೊಂಡಿತು. ಕೋಣೆಯಲ್ಲಿ ಎದ್ದ ಗದ್ದಲಕ್ಕೆ ಮುಖ್ಯೋಪಾಧ್ಯಾಯರೇ ಬಾಗಿಲಿಗೆ ಬಂದು ನಿಂತರು.

ಹಾಗಾದರೆ ನಾಲ್ಕನೆಯ ಯಂತ್ರಕ್ಕೂ ಇದೇ ಉಪಾಯವನ್ನು ಹೂಡಬಾರದೇಕೆ? ಏಳು ಅಕ್ಷರಗಳೆಂದರೆ 24ನ್ನು ಏಳು ಸಲ ಗುಣಿಸಬೇಕು. 458 ಕೋಟಿಗೂ ಮೀರಿದ ಸಾಲುಗಳು. ಹತ್ತು ಸೆಕೆಂಡಿಗೆ ಒಂದರಂತೆ ಹಗಲಿರುಳೂ ಬಿಡದೆ ಬರೆದರೆ 1,450 ವರ್ಷಗಳು ಬೇಕು. ಎರಡು ಅಕ್ಷರಕ್ಕೂ ಏಳು ಅಕ್ಷರಕ್ಕೂ ಇರುವ ಅಂತರ ಇದು.

ಅಸಲಿ ರುಜುವುಳ್ಳ ಕೀಲಿಯಾದರೂ ಒಂದು ಕೊರತೆ ಉಳಿಯಿತು. ಒಂದೇ ಕೀಲಿಯನ್ನು ನೂರು ಯಂತ್ರಗಳಲ್ಲಿ ಬಳಸಿದರೆ ತಟ್ಟೆಗೆ ತಿಳಿಯುವ ಬಗೆ ಹೇಗೆ? ಇದಕ್ಕಾಗಿ ಎಕ್ಸ್‌ಪಿಯಲ್ಲಿ ಸಕ್ರಿಯಗೊಳಿಸುವಿಕೆ ಎಂಬ ಇನ್ನೊಂದು ಮೆಟ್ಟಿಲನ್ನು ಸೇರಿಸಿದರು. ಯಂತ್ರದ ಸಂಸ್ಕಾರಕ, ಸ್ಮೃತಿಯ ಪ್ರಮಾಣ, ಡಿಸ್ಕು, ಚಿತ್ರಫಲಕ, ಜಾಲಫಲಕ ಮೊದಲಾದ ಹತ್ತು ಅಂಶಗಳನ್ನು ನೋಡಿ, ಅವುಗಳಿಂದ ಒಂದು ಸಾರಸಂಖ್ಯೆಯನ್ನು ತಂತ್ರಾಂಶವು ಹೊರಡಿಸುತ್ತದೆ. ಅಂಗಡಿಯ ಚೀಟಿಯ ಒಟ್ಟು ಮೊತ್ತವನ್ನು ಮಾತ್ರ ನೋಡಿ ಬೇಳೆಗೆಷ್ಟು, ಬೆಲ್ಲಕ್ಕೆಷ್ಟು ಎಂದು ಹೇಳಲಾಗದಷ್ಟೆ? ಅದರಂತೆ ಈ ಸಾರಸಂಖ್ಯೆಯಿಂದ ಯಂತ್ರದ ವಿವರಗಳನ್ನು ಹಿಂದಕ್ಕೆ ಪಡೆಯಲಾಗದು. ಆದರೆ ಅದೇ ಯಂತ್ರವೋ ಬೇರೆಯದೋ ಎಂಬುದನ್ನು ತಿಳಿಯಲು ಅಷ್ಟು ಸಾಕು. ಕೀಲಿಯೂ ಸಾರಸಂಖ್ಯೆಯೂ ಅಂತರಜಾಲದ ಮೂಲಕ ತಯಾರಕರ ದಫ್ತರಕ್ಕೆ ಹೋಗಿ ಜೋಡಿಯಾಗಿ ದಾಖಲಾಗುತ್ತವೆ. ಅಂತರಜಾಲ ಇಲ್ಲದವರಿಗೆ ದೂರವಾಣಿಯ ಮಾರ್ಗವಿತ್ತು. ವಿಂಡೋಸ್ 7ರಲ್ಲಿ ಐವತ್ತನಾಲ್ಕು ಅಂಕೆಗಳನ್ನು ನಾವು ಹೇಳಬೇಕು, ನಲವತ್ತೆಂಟು ಅಂಕೆಗಳನ್ನು ಅತ್ತಲಿಂದ ಕೇಳಿ ಬರೆದುಕೊಳ್ಳಬೇಕು. ಸ್ಪಷ್ಟ ಚೀಟಿಯ ಯಂತ್ರಗಳಲ್ಲಿ ಒಂದನ್ನು ನಾನು ಹೀಗೆಯೇ ಸಕ್ರಿಯಗೊಳಿಸಿದೆ. ನಡುವೆ ಶಾಲೆಯ ಗಂಟೆ ಹೊಡೆದು, ಒಂದು ಗುಂಪನ್ನು ಎರಡು ಸಲ ಕೇಳಬೇಕಾಯಿತು.

ಯಂತ್ರದ ಒಂದು ಭಾಗ ಬದಲಾದೊಡನೆ ಪರವಾನಗಿ ಬಿದ್ದುಹೋಗುವುದಿಲ್ಲ. ಊರಿನ ತೇರಿಗೆ ಒಂದು ವರ್ಷ ಹೊಸ ಗಾಲಿ ಹಾಕುತ್ತಾರೆ, ಇನ್ನೊಂದು ವರ್ಷ ಅಚ್ಚು ಬದಲಿಸುತ್ತಾರೆ. ಆದರೂ ಅದು ಅದೇ ತೇರು. ಎಕ್ಸ್‌ಪಿಯೂ ಅಷ್ಟರಮಟ್ಟಿಗೆ ಉದಾರಿಯಾಗಿತ್ತು. ಹತ್ತರಲ್ಲಿ ಕೆಲವು ಬದಲಾದರೆ ಸುಮ್ಮನಿರುತ್ತಿತ್ತು. ಬಹುಪಾಲು ಬದಲಾದರೆ ಮಾತ್ರ ಮತ್ತೆ ಸಕ್ರಿಯಗೊಳಿಸಿರಿ ಎಂದು ಕೇಳುತ್ತಿತ್ತು.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಎಕ್ಸ್‌ಪಿ ಸೋರದೆ ಉಳಿಯಲಿಲ್ಲ. ಸಾವಿರಾರು ಯಂತ್ರಗಳುಳ್ಳ ದೊಡ್ಡ ಸಂಸ್ಥೆಗಳು ಒಂದೊಂದನ್ನೂ ಸಕ್ರಿಯಗೊಳಿಸುವ ಕಷ್ಟ ಬೇಡವೆಂದು ಅವುಗಳಿಗೆ ಸಾಮೂಹಿಕ ಕೀಲಿಗಳನ್ನು ಕೊಡಲಾಗಿತ್ತು. ಅಂತಹ ಕೀಲಿಯೊಂದು ಬಿಡುಗಡೆಗೆ ಮೊದಲೇ ಹೊರಬಿದ್ದು ಲೋಕವನ್ನೆಲ್ಲ ಸುತ್ತಿತು. 2002ರಲ್ಲಿ ಬಂದ ಮೊದಲನೆಯ ಪರಿಷ್ಕರಣವು ಆ ಕೀಲಿಯ ಯಂತ್ರಗಳಲ್ಲಿ ಸ್ಥಾಪನೆಯಾಗದಂತೆ ತಡೆಯಬೇಕಾಯಿತು. ಗಣಿತದ ಗೋಡೆ ಬಿರಿಯಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು.

ನಮ್ಮ ನಾಲ್ಕನೆಯ ಯಂತ್ರದ ಸಂಗತಿಗೆ ಮರಳೋಣ. ಹೆಸರಾಂತ ತಯಾರಕರು ತಮ್ಮ ಕಾರ್ಖಾನೆಯಲ್ಲಿ ಸಾವಿರಾರು ಯಂತ್ರಗಳಿಗೆ ಒಂದೊಂದೇ ಚೀಟಿಯ ಕೀಲಿಯನ್ನು ಬರೆಯುತ್ತ ಕೂರುವುದಿಲ್ಲ. ಯಂತ್ರದ ಮುಖ್ಯ ಫಲಕದ ಬಯೋಸ್ ಎಂಬ ಚಿಪ್ಪಿನಲ್ಲಿ ತಮ್ಮ ಗುರುತನ್ನು ಬರೆದಿಡುತ್ತಾರೆ. ಅವರದೇ ಸ್ಥಾಪನಾ ಡಿವಿಡಿಯು ಆ ಗುರುತನ್ನು ಕಂಡರೆ ಕೀಲಿಯನ್ನೂ ಕೇಳುವುದಿಲ್ಲ, ದೂರವಾಣಿಯನ್ನೂ ಬೇಡುವುದಿಲ್ಲ. ಚೀಟಿಯ ಮೇಲಿನ ಕೀಲಿ ಬೇರೆ, ಕಾರ್ಖಾನೆಯಲ್ಲಿ ಹಾಕಿದ ಕೀಲಿ ಬೇರೆ. ಡಿಸ್ಕನ್ನು ಅಳಿಸುವ ಮೊದಲು ನಾನು ಒಳಗಿನ ಕೀಲಿಯನ್ನು ಓದಿಕೊಂಡಿದ್ದರೂ ಅದು ಚೀಟಿಯ ಕೀಲಿಯಾಗಿರುತ್ತಿರಲಿಲ್ಲವೆಂದು ತಿಳಿದಾಗ ನನ್ನ ಪಶ್ಚಾತ್ತಾಪವು ಸ್ವಲ್ಪ ಹಗುರವಾಯಿತು. ದಾನ ಕೊಟ್ಟ ಕಚೇರಿಯ ಕಪಾಟಿನಲ್ಲಿ ಆ ತಯಾರಕರ ಡಿವಿಡಿ ದೂಳು ಹಿಡಿದು ಬಿದ್ದಿತ್ತು. ಅದನ್ನು ತಂದು ಹಾಕಿದ ಒಂದು ಗಂಟೆಯೊಳಗೆ ನಾಲ್ಕನೆಯ ಯಂತ್ರ ಸಿದ್ಧವಾಯಿತು. 1,450 ವರ್ಷಗಳ ಕೆಲಸವೆಂದು ನಾವು ಎಣಿಸಿದ್ದುದು!

ಹೀಗೆ ಯಂತ್ರದೊಡನೆ ಬಂದ ಪರವಾನಗಿ ಯಂತ್ರಕ್ಕೆ ಸೇರಿದುದು. ಯಂತ್ರ ಕೈ ಬದಲಾದರೆ ಅದರ ಜೊತೆಯಲ್ಲಿಯೇ ಹೋಗುತ್ತದೆ, ಆದರೆ ಬೇರೊಂದು ಯಂತ್ರಕ್ಕೆ ಹಾರುವಂತಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಪರವಾನಗಿಯಾದರೋ ಕೊಂಡವನಿಗೆ ಸೇರಿದುದು. ಹಳೆಯ ಯಂತ್ರದಿಂದ ಅದನ್ನು ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. 2012ರಲ್ಲಿ ವಿಂಡೋಸ್ 8 ಬಂದಾಗ ತಯಾರಕರು ಕೀಲಿಯನ್ನು ಚೀಟಿಯ ಮೇಲೆ ಮುದ್ರಿಸುವುದನ್ನೇ ಬಿಟ್ಟು, ಪ್ರತಿ ಯಂತ್ರದ ಕೀಲಿಯನ್ನೂ ಅದರ ಚಿಪ್ಪಿನೊಳಗೇ ಬರೆಯತೊಡಗಿದರು. 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಂತ್ರದ ಗುರುತನ್ನೇ ತಯಾರಕರ ದಫ್ತರದಲ್ಲಿ ದಾಖಲು ಮಾಡಿದರು. ಒಮ್ಮೆ ದಾಖಲಾದ ಯಂತ್ರವು ಮರುಸ್ಥಾಪನೆಯ ಬಳಿಕ ಅಂತರಜಾಲಕ್ಕೆ ತಗುಲಿದೊಡನೆ ತಾನಾಗಿಯೇ ಸಕ್ರಿಯವಾಗುತ್ತದೆ. ವಿಂಡೋಸ್ 7 ಮತ್ತು 8ರ ಯಂತ್ರಗಳಿಗೆ 2016ರ ಜುಲೈ 29ರವರೆಗೆ ವಿಂಡೋಸ್ 10ನ್ನು ಉಚಿತವಾಗಿ ಕೊಟ್ಟರು. ಆ ಗಡುವು ಮುಗಿದ ಮೇಲೆಯೂ ಹಳೆಯ ಕೀಲಿಗಳನ್ನು ಅದು ವರ್ಷಗಟ್ಟಲೆ ಸದ್ದಿಲ್ಲದೆ ಒಪ್ಪಿಕೊಳ್ಳುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಆ ದಾರಿಯನ್ನೂ ಮುಚ್ಚಿರುವುದಾಗಿ ಸಂಸ್ಥೆಯು ಪ್ರಕಟಿಸಿತು.

ಇನ್ನುಳಿದವು ಚೀಟಿಯಿಲ್ಲದ ಎರಡು ಯಂತ್ರಗಳು. ಅವುಗಳನ್ನು ಜೋಡಿಸಿಕೊಟ್ಟವರು ಯಾರದೋ ಕೀಲಿಯನ್ನು ಹಾಕಿ ಕಚೇರಿಗೆ ಮಾರಿದ್ದರೆಂಬುದು ಸ್ಪಷ್ಟವಾಗಿತ್ತು. ರಿಪೇರಿ ಮಾಡುವ ಪರಿಚಿತರೊಬ್ಬರು, “ಅದಕ್ಕೇನು ಮೇಷ್ಟ್ರೇ, ಒಂದು ಪೆನ್‌ಡ್ರೈವ್ ಕೊಡಿ, ಐದು ನಿಮಿಷದಲ್ಲಿ ಸರಿಮಾಡುತ್ತೇನೆ” ಎಂದರು. ಕೀಲಿಯ ಪರೀಕ್ಷೆಗೆ ಮಂಕುಬೂದಿ ಎರಚುವ ತಂತ್ರಾಂಶಗಳು ಅವರಲ್ಲಿದ್ದವು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ನಮ್ಮ ದೇಶದಲ್ಲಿ 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಕ್ರಮವಿಧಿಗಳೂ 1957ರ ಕೃತಿಸ್ವಾಮ್ಯ ಅಧಿನಿಯಮದ ವ್ಯಾಪ್ತಿಗೆ ಸಾಹಿತ್ಯಕೃತಿಗಳಾಗಿ ಬಂದಿವೆ. ಕಾದಂಬರಿಯೂ ಕಾರ್ಯಾಚರಣ ವ್ಯವಸ್ಥೆಯೂ ಕಾನೂನಿನ ಕಣ್ಣಿಗೆ ಒಂದೇ ಜಾತಿ! ನ್ಯಾಯವಾಗಿ ಪಡೆದ ತಂತ್ರಾಂಶವು ಕೆಟ್ಟುಹೋದೀತೆಂದು ರಕ್ಷಣೆಗಾಗಿ ಒಂದು ಪ್ರತಿ ಮಾಡಿಟ್ಟುಕೊಳ್ಳಲು ಆ ಅಧಿನಿಯಮ ಅನುಮತಿ ಕೊಡುತ್ತದೆ. ಅಕ್ರಮ ಪ್ರತಿಯನ್ನು ತಿಳಿದೂ ತಿಳಿದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆಮನೆಯ ಶಿಕ್ಷೆಯನ್ನೂ ವಿಧಿಸುತ್ತದೆ. ಆದರೆ ನನ್ನನ್ನು ತಡೆದುದು ಆ ಭಯವೊಂದೇ ಅಲ್ಲ. ಮಂಕುಬೂದಿ ಎರಚುವ ತಂತ್ರಾಂಶಕ್ಕೆ ಯಂತ್ರದ ಸಂಪೂರ್ಣ ಅಧಿಕಾರವನ್ನು ಕೊಡಬೇಕು. ಅದನ್ನು ಬರೆದವನು ಯಾರು, ಒಳಗೆ ಬೇರೇನು ಬಚ್ಚಿಟ್ಟಿದ್ದಾನೆ ಎಂದು ಬಲ್ಲವರಾರು? ಜೊತೆಗೆ, 192 ಸಲ ಅಕ್ಷರಗಳನ್ನು ಬದಲಿಸಿ ಬರೆಯಲು ಸಿದ್ಧರಾಗಿ ಕುಳಿತಿದ್ದ ಮಕ್ಕಳು ಅದೇ ಕೋಣೆಯಲ್ಲಿದ್ದರು.

ಆ ಎರಡರಲ್ಲಿಯೂ ಲಿನಕ್ಸನ್ನು ಸ್ಥಾಪಿಸಿದೆವು. ಇದರ ತಿರುಳನ್ನು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದನು. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕನ್ನನು ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದ್ದನು. ಲಿನಕ್ಸ್ ಕೀಲಿಯನ್ನು ಕೇಳುವುದಿಲ್ಲ. ಹಾಗೆಂದು ಅದಕ್ಕೆ ಪರವಾನಗಿಯೇ ಇಲ್ಲವೆಂದು ತಿಳಿಯಬಾರದು. ಸ್ಟಾಲ್‌ಮನ್ ಬರೆದು 1989ರಲ್ಲಿ ಪ್ರಕಟಿಸಿದ ಪರವಾನಗಿಯೂ ಅದೇ ಕೃತಿಸ್ವಾಮ್ಯದ ಕಾನೂನಿನ ಮೇಲೆ ನಿಂತಿದೆ. ದೀಪದಿಂದ ದೀಪ ಹಚ್ಚಿಕೋ, ಆದರೆ ನಿನ್ನ ದೀಪವನ್ನು ಬೋರಲು ಮಡಕೆಯ ಕೆಳಗೆ ಇಡಬೇಡ ಎಂಬುದೇ ಅದರ ಕರಾರಿನ ಸಾರ. ಕನ್ನಡದಲ್ಲಿ ಬರೆಯುವುದು ಹೇಗೆಂಬ ಚಿಂತೆ ಮಕ್ಕಳಿಗಿತ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅವರು ಕಲಿತಿದ್ದ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇಲ್ಲಿಯೂ ದೊರೆತುದರಿಂದ ಆ ಚಿಂತೆ ಒಂದು ಗಳಿಗೆಯಲ್ಲಿ ಕಳೆಯಿತು.

ಕೀಲಿ ಸಿಕ್ಕಿದ ಮಾತ್ರಕ್ಕೆ ಹಳೆಯ ಯಂತ್ರ ಚಿರಂಜೀವಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಾಣಿಸಿಕೊಳ್ಳುವ ಬಿರುಕುಗಳನ್ನು ತಯಾರಕರು ಕಾಲಕಾಲಕ್ಕೆ ಮುಚ್ಚುತ್ತಿರಬೇಕು. ಎಕ್ಸ್‌ಪಿಗೆ ಈ ಸೇವೆ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ ಸಾಮಾನ್ಯ ಸೇವೆ 2025ರ ಅಕ್ಟೋಬರ್ 14ರಂದು. ಬಳಿಕವೂ ಯಂತ್ರ ನಡೆಯುತ್ತದೆ, ಕೀಲಿಯೂ ನ್ಯಾಯವಾದುದೇ. ಆದರೆ ಅಂತರಜಾಲಕ್ಕೆ ತಗುಲಿಸುವುದು ಕ್ಷೇಮವಲ್ಲ. ಹಳೆಯ ಯಂತ್ರಗಳ ಆಶ್ರಯವೆನಿಸಿದ ಲಿನಕ್ಸ್ ಪ್ರಪಂಚದಲ್ಲಿಯೂ ವಯಸ್ಸಿನ ಮಿತಿ ಇಲ್ಲದಿಲ್ಲ. ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಆವೃತ್ತಿಯು ಮೂವತ್ತೆರಡು ಬಿಟ್ಟಿನ ಹಳೆಯ ಕಂಪ್ಯೂಟರುಗಳಿಗೆ ಸ್ಥಾಪನಾ ತಟ್ಟೆಯನ್ನು ಒದಗಿಸುವುದನ್ನು 2025ರ ತನ್ನ ಹದಿಮೂರನೆಯ ಬಿಡುಗಡೆಯಿಂದ ನಿಲ್ಲಿಸಿತು.

ನಮ್ಮ ಮೂರನೆಯ ಯಂತ್ರ ಆ ಕೀಲಿಯಿಂದ ನಡೆದುದು ಒಂದೂವರೆ ವರ್ಷ ಮಾತ್ರ. 2020ರ ಆರಂಭದಲ್ಲಿ ಅದಕ್ಕೂ ಲಿನಕ್ಸನ್ನೇ ಹಾಕಿದೆವು. ಈ ಸಲ ಡಿಸ್ಕನ್ನು ಅಳಿಸುವ ಮೊದಲು ನಾಲ್ಕೂ ಕೀಲಿಗಳನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ, ಬೆಂಚು ಕುರ್ಚಿಗಳ ಪುಟದ ಹಿಂದಿನ ಪುಟದಲ್ಲಿ, ಕೆಂಪು ಶಾಯಿಯಿಂದ ಬರೆದಿಟ್ಟಿದ್ದೇನೆ. ನಾಲ್ಕನೆಯದರಲ್ಲಿ ಏಳು ಮನೆಗಳು ಖಾಲಿಯಾಗಿಯೇ ಇವೆ. ಮೂರನೆಯ ಯಂತ್ರದ ಚೀಟಿಯ ಮೇಲೆ ಆ ಹುಡುಗಿ ಅಳಿದ ಎರಡು ಅಕ್ಷರಗಳನ್ನು ಪೆನ್ನಿನಿಂದ ತುಂಬಿ, ಮೇಲೆ ಪಾರದರ್ಶಕ ಟೇಪನ್ನು ಅಂಟಿಸಿದ್ದಳು. ಈಗ ಅದನ್ನು ಯಾವ ಪರದೆಯೂ ಕೇಳುವುದಿಲ್ಲ. ಟೇಪಿನ ಅಂಚು ಕೊಂಚ ಹಳದಿಯಾಗಿದೆ. ಅಕ್ಷರಗಳು ಮಾತ್ರ ಚೆನ್ನಾಗಿ ಓದಲು ಬರುತ್ತವೆ.